ಮೊದಲು ಅಟ್ಟದಿಂದ ಆ ಕ್ಯಾಸೆಟ್ ಇಳಿಸಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲು. 2001ರಲ್ಲಿ ಶಾರ್ಜಾದಲ್ಲಿದ್ದ ಸೋದರಮಾವ ನನಗೊಂದು ಗೇಮ್ ಬಾಯ್ ಕಲರ್ (ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ), ಜೊತೆಗೆ ಪೋಕೆಮಾನ್ ಗೋಲ್ಡ್ ಆಟದ ಕ್ಯಾಸೆಟ್ ತಂದುಕೊಟ್ಟಿದ್ದರು. ಎರಡೂ ಈಗ ಅಟ್ಟದಲ್ಲಿ ನಿಡೋ ಹಾಲಿನ ಪುಡಿಯ ಡಬ್ಬದಲ್ಲಿವೆ. ನನ್ನ ಮಗಳಿಗೆ ಹತ್ತು ವರ್ಷ. ದುಬೈಯಲ್ಲಿರುವ ತಮ್ಮ ಅವಳಿಗೆ ನಿಂಟೆಂಡೊ ಕಂಪನಿಯ ಹೊಸ ಗೇಮ್ ಯಂತ್ರ ಸ್ವಿಚ್ 2 ತರುತ್ತಾನಂತೆ. ಪೇಟೆಯ ಅಂಗಡಿಯೊಂದರಲ್ಲಿ ಹಳೆ ಆಟದ ಹೊಸ ರೀಮೇಕ್‌ಗೆ ಪ್ರೀಆರ್ಡರ್ ತಗೊಳ್ಳುತ್ತಿದ್ದಾರೆ. ಸ್ಟೀಲ್‌ಬುಕ್ ಅಂತ ಆಟ ಇಡುವ ತಗಡಿನ ಪೆಟ್ಟಿಗೆ, ಕೀಚೈನ್, ಪಿನ್ ಕೊಡುತ್ತಾರಂತೆ, ಅರ್ಧ ದುಡ್ಡು ಮೊದಲೇ ಕೊಡಬೇಕು. ಇನ್ನೊಬ್ಬರು ಪೋಕೆಮಾನ್ ಹಾರ್ಟ್‌ಗೋಲ್ಡ್ ಸೆಕೆಂಡ್‌ಹ್ಯಾಂಡ್ ಮಾರುತ್ತಿದ್ದಾರೆ, ಬೆಲೆ ಜಾಸ್ತಿ. ಯಾವುದು ತಗೊಳ್ಳಲಿ? ಹಳೆ ಕ್ಯಾಸೆಟ್ ಮಾರಿಬಿಡಲಾ? ಆಟದಲ್ಲಿ ನಾನು ಸಾಕಿದ ಟೈಫ್ಲೋಷನ್ ಎಂಬ ಪೋಕೆಮಾನ್ ಪ್ರಾಣಿ ಅದರಲ್ಲಿ ಇನ್ನೂ ಇದ್ದೀತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಡ ಮಾಡಬಾರದ ಕೆಲಸ ಅದೊಂದೇ. ಪ್ರೀಆರ್ಡರ್ ಒಂದು ವಾರ ಕಾದೀತು. ಆ ಕ್ಯಾಸೆಟ್ ಕಾಯುವುದಿಲ್ಲ.

ಪೋಕೆಮಾನ್ ಗೋಲ್ಡ್ ಕ್ಯಾಸೆಟ್‌ನ ಒಳಗೆ ಒಂದು ಬ್ಯಾಟರಿ ಇದೆ. ಗೇಮ್ ಬಾಯ್ ಹಿಂದೆ ಹಾಕುವ ಎರಡು ಪೆನ್ ಸೆಲ್ ಬೇರೆ, ಇದು ಬೇರೆ. ಸಿಆರ್2025 ಎಂಬ, ನಾಣ್ಯದಂತಹ ಚಪ್ಪಟೆ ಸೆಲ್ ಅದು. ಕ್ಯಾಸೆಟ್‌ನ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ನೀವು ಆಟ ಸೇವ್ ಮಾಡಿದಾಗ ಅದು ಹೋಗಿ ಕೂತದ್ದು ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ. ಕರೆಂಟ್ ನಿಂತ ಕೂಡಲೇ ಆ ಚಿಪ್‌ಗೆ ಎಲ್ಲ ಮರೆತುಹೋಗುತ್ತದೆ. ಗೇಮ್ ಬಾಯ್ ಆಫ್ ಇದ್ದಾಗ ಅದನ್ನು ಜೀವಂತ ಇಡುವುದು ಈ ಸೆಲ್ಲೇ. ಗೋಲ್ಡ್ ಆಟದಲ್ಲಿ ಗಡಿಯಾರವೂ ಇದೆ. ಹೊರಗೆ ರಾತ್ರಿಯಾದರೆ ಆಟದಲ್ಲೂ ರಾತ್ರಿ. ಹೂಟ್‌ಹೂಟ್ ಎಂಬ ಗೂಬೆ ಆಗ ಮಾತ್ರ ಹುಲ್ಲಿನಿಂದ ಹೊರಗೆ ಬರುತ್ತಿತ್ತು, ನೆನಪಿದೆಯಾ? ಆ ಗಡಿಯಾರವನ್ನು ಹಗಲು ರಾತ್ರಿ ಓಡಿಸುವುದೂ ಅದೇ ಸೆಲ್. ಹಾಗಾಗಿ ಗಡಿಯಾರ ಇಲ್ಲದ ಕ್ಯಾಸೆಟ್‌ಗಳಿಗಿಂತ ಇದರ ಸೆಲ್ ಬೇಗ ಮುಗಿಯುತ್ತದೆ.

ಇಪ್ಪತ್ತು ವರ್ಷ ದಾಟಿದ ಮೇಲೆ ಅದರಲ್ಲಿ ಜೀವ ಉಳಿದಿರುವುದು ಕಷ್ಟ. ಆದರೆ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆ ಗೇಮ್ ಬಾಯ್‌ಗಳನ್ನು ರಿಪೇರಿ ಮಾಡಲು ಕಲಿಯುತ್ತಿದ್ದ ದಿನಗಳವು. ನನ್ನ ತಂಗಿಯ ಕ್ಯಾಸೆಟ್ ಅಂಥದ್ದೇ. ಆನ್ ಮಾಡಿದೆ, ಅವಳ ಸೇವ್ ಹಾಗೇ ಇತ್ತು. ಸೆಲ್ ಹಳತಾಗಿದೆ, ಬದಲಿಸಿಯೇ ಬಿಡುವ ಅಂತ ಅದೇ ಸಂಜೆ ಬೆಸುಗೆ ಬಿಡಿಸಿದೆ. ಸೆಲ್ ತೆಗೆದರೆ ಸೇವ್ ಹೋಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವಳು ಎರಡು ವರ್ಷ ಆಡಿದ್ದು ಒಂದು ನಿಮಿಷದಲ್ಲಿ ಹೋಯಿತು. ಅವಳು ಏನೂ ಹೇಳಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಡಬ್ಬ ಇಳಿಸಿ. ಗೇಮ್ ಬಾಯ್ ಒಳಗೆ ಹಳೆ ಸೆಲ್‌ಗಳು ಬಾಕಿ ಇದ್ದರೆ ತೆಗೆಯಿರಿ. ಅವು ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಕಡ್ಡಿಯನ್ನು ಸ್ವಲ್ಪ ವಿನೆಗರ್‌ನಲ್ಲಿ ಅದ್ದಿ ಆ ತಗಡುಗಳನ್ನು ಒರೆಸಿ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ, ಹುಳಿ ತಾಗಿದರೆ ಅದು ಅಡಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿ ಒಣಗಲು ಬಿಡಿ. ಕ್ಯಾಸೆಟ್‌ನ ಅಂಚಿನ ತಾಮ್ರದ ಕಾಲುಗಳನ್ನೂ ಅದರಲ್ಲೇ ಒರೆಸಿ. ಚಿಕ್ಕಂದಿನಲ್ಲಿ ನಾವೆಲ್ಲ ಮಾಡಿದ ಹಾಗೆ ಬಾಯಿಂದ ಊದಬೇಡಿ. ಉಸಿರಿನ ತೇವ ಆ ತಾಮ್ರಕ್ಕೆ ಒಳ್ಳೆಯದಲ್ಲ.

ಹೊಸ ಪೆನ್ ಸೆಲ್ ಹಾಕಿ ಆನ್ ಮಾಡಿ. ಮೆನುವಿನಲ್ಲಿ ಮೊದಲ ಸಾಲು ‘ಕಂಟಿನ್ಯೂ’ ಅಂತ ಬಂದರೆ ನಿಮ್ಮ ಟೈಫ್ಲೋಷನ್ ಬದುಕಿದೆ. ಬರೀ ‘ನ್ಯೂ ಗೇಮ್’ ಬಂದರೆ ಸೆಲ್ ಸತ್ತಿದೆ, ಸೇವ್ ಹೋಗಿದೆ. ಕ್ಯಾಸೆಟ್ ಹಾಳಾಗಿಲ್ಲ, ಸೆಲ್ ಬದಲಿಸಿದರೆ ಮೊದಲಿನ ಹಾಗೇ ಸೇವ್ ಆಗುತ್ತದೆ. ‘ಕಂಟಿನ್ಯೂ’ ಬಂದಿದ್ದರೆ ಮಾತ್ರ ಸಾವಧಾನ. ಕಾರ್ಟ್ ರೀಡರ್ ಅಂತ ಒಂದು ಸಣ್ಣ ಉಪಕರಣ ಸಿಗುತ್ತದೆ. ಕ್ಯಾಸೆಟ್ ಅದಕ್ಕೆ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದರೆ ಸೇವ್ ಒಂದು ಫೈಲ್ ಆಗಿ ಹೊರಗೆ ಬರುತ್ತದೆ. ಅದನ್ನು ಎರಡು ಕಡೆ ಇಟ್ಟುಕೊಂಡ ಮೇಲೆಯೇ ಸೆಲ್ ಬದಲಿಸಬೇಕು. ಹೊಸ ಸೆಲ್ ಹಾಕಿ ಅದೇ ಫೈಲನ್ನು ವಾಪಸ್ ಬರೆಯಬಹುದು.

ರಿಪೇರಿಯವರಿಗೆ ಕೊಡುವುದಾದರೆ ಎರಡು ಮಾತು ಹೇಳಿ ಕೊಡಿ. ತಗಡಿನ ಕಿವಿ ಇರುವ ಸೆಲ್ಲೇ ಹಾಕಬೇಕು. ಬರೀ ಸೆಲ್ ಮೇಲೆ ನೇರ ಬೆಸುಗೆ ಹಾಕಿದರೆ ಅದು ಬಿಸಿಯಾಗಿ ಒಡೆಯಬಹುದು. ಇನ್ನೊಂದು, ಅಸಲಿ ಕ್ಯಾಸೆಟ್‌ನ ಸ್ಕ್ರೂ ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಅದಕ್ಕೆ 3.8 ಮಿ.ಮೀ.ನ ಗೇಮ್‌ಬಿಟ್ ಎಂಬ ಬೇರೆಯೇ ಸ್ಕ್ರೂಡ್ರೈವರ್ ತುದಿ ಬೇಕು. ಅದಿಲ್ಲದೆ ಇಕ್ಕಳ ಹಾಕಿ ಎಳೆಯಲು ಬಿಡಬೇಡಿ.

ನಿಮ್ಮದು ಅಸಲಿಯಾ ಎಂಬ ಪ್ರಶ್ನೆಯೂ ಇದೆ. ಆಗ ಗಲ್ಫ್‌ನಿಂದ ಟ್ಯಾಂಗ್, ಟೈಗರ್ ಬಾಮ್ ಜೊತೆ ಬಂದ ಕ್ಯಾಸೆಟ್‌ಗಳಲ್ಲಿ ನಕಲಿಗಳೂ ಇದ್ದವು. ಮಾವನವರಿಗೆ ಗೊತ್ತಾಗುವುದು ಹೇಗೆ? ಅಸಲಿ ಗೋಲ್ಡ್‌ನ ಹೊರಮೈ ಮಿನುಗುವ ಚಿನ್ನದ ಬಣ್ಣ. ಲೇಬಲ್ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಒತ್ತಿದ ಹಾಗೆ ಒಂದು ಸಣ್ಣ ನಂಬರ್ ಕಾಣುತ್ತದೆ. ನಕಲಿಗಳಿಗೆ ಎಷ್ಟೋ ಸಲ ಸಾದಾ ಪ್ಲಸ್ ಸ್ಕ್ರೂ ಇರುತ್ತದೆ. ನಕಲಿ ಅಂತ ಗೊತ್ತಾದರೂ ಎಸೆಯಬೇಡಿ. ನೀವು ಸಾಕಿದ್ದು ಅದರಲ್ಲೇ ಅಲ್ವಾ?

ಮಾರುವ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ಬೆಲೆಯ ಲೆಕ್ಕ ನನಗೆ ಮುಖ್ಯ ಅಲ್ಲ. ಗೋಲ್ಡ್ ಕ್ಯಾಸೆಟ್‌ನಲ್ಲಿರುವ ಪೋಕೆಮಾನ್‌ಗಳನ್ನು ಮುಂದಿನ ತಲೆಮಾರಿನ ಆಟಗಳಿಗೆ ದಾಟಿಸಲು ನಿಂಟೆಂಡೊ ದಾರಿಯನ್ನೇ ಇಟ್ಟಿರಲಿಲ್ಲ. ಗೇಮ್ ಬಾಯ್ ಅಡ್ವಾನ್ಸ್‌ನ ಆಟಗಳಿಗೂ ಅವು ಹೋಗುವುದಿಲ್ಲ, ಆಮೇಲೆ ಬಂದ ಹಾರ್ಟ್‌ಗೋಲ್ಡ್‌ಗೂ ಹೋಗುವುದಿಲ್ಲ. ಆ ಟೈಫ್ಲೋಷನ್‌ಗೆ ಇರುವುದು ಅದೊಂದೇ ಮನೆ.

ಇನ್ನು ಹಾರ್ಟ್‌ಗೋಲ್ಡ್. ನಿಮ್ಮ ಗೋಲ್ಡ್‌ನದ್ದೇ ರೀಮೇಕ್ ಅದು, ನಿಂಟೆಂಡೊ ಡಿಎಸ್ ಎಂಬ ಯಂತ್ರಕ್ಕೆ ಬಂದದ್ದು. ಜಪಾನಿನಲ್ಲಿ 2009ರಲ್ಲಿ, ಬೇರೆ ಕಡೆ 2010ರಲ್ಲಿ ಬಂತು. ಬೋನಸ್ ವಸ್ತುಗಳ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದರ ಕತೆಯನ್ನೇ. ಅಮೆರಿಕದಲ್ಲಿ ಪ್ರೀಆರ್ಡರ್ ಮಾಡಿದವರಿಗೆ ಹೋ-ಓ ಹಕ್ಕಿಯ ಸಣ್ಣ ಬೊಂಬೆ ಕೊಟ್ಟರು. ಆದರೆ ಪ್ರೀಆರ್ಡರ್ ಮಾಡಲಿ ಬಿಡಲಿ, ಹೊಸ ಪೆಟ್ಟಿಗೆ ಕೊಂಡ ಎಲ್ಲರಿಗೂ ಒಳಗೆ ಇನ್ನೊಂದು ವಸ್ತು ಇತ್ತು. ಅದೇ ಪೋಕೆವಾಕರ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಹೆಜ್ಜೆ ಎಣಿಸುವ ಯಂತ್ರ. ಆಟದಿಂದ ಒಂದು ಪೋಕೆಮಾನನ್ನು ಅದರೊಳಗೆ ಕಳಿಸಿ ಜೇಬಿನಲ್ಲಿಟ್ಟು ನಡೆಯಬೇಕು. 20 ಹೆಜ್ಜೆಗೆ ಒಂದು ವಾಟ್ ಸಿಗುತ್ತದೆ. ವಾಟ್ ಕೂಡಿಸಿದರೆ ಹೊಸ ದಾರಿಗಳು ತೆರೆಯುತ್ತವೆ, ಆ ದಾರಿಯಲ್ಲಿ ಬೇರೆ ಪೋಕೆಮಾನ್ ಸಿಗುತ್ತವೆ, ಅವನ್ನು ಆಟಕ್ಕೆ ತರಬಹುದು.

ಬೊಂಬೆ ಮತ್ತು ಪೋಕೆವಾಕರ್ ಎರಡೂ ಒಂದೇ ಆಟದ ಜೊತೆ ಬಂದವು. ಒಂದು ಕಪಾಟಿಗೆ ಹೋಯಿತು. ಇನ್ನೊಂದು ಆಟದೊಳಗೆ ಬಂತು. ನನ್ನ ಮಟ್ಟಿಗೆ ಎಲ್ಲ ಬೋನಸ್‌ಗಳನ್ನು ಅಳೆಯುವ ಕೋಲು ಇದೇ. ಕೊಟ್ಟ ವಸ್ತು ಆಟವನ್ನು ಜಾಸ್ತಿ ಮಾಡುತ್ತದಾ, ಅಥವಾ ಸುಮ್ನೆ ಪಕ್ಕದಲ್ಲಿ ಕೂರುತ್ತದಾ? ಕೈಯಲ್ಲಿ ಹಿಡಿಯುವ ಯಂತ್ರದ್ದು ಅಲ್ಲದಿದ್ದರೂ ಇನ್ನೊಂದು ಉದಾಹರಣೆ ಹೇಳಲೇಬೇಕು. ಟಿವಿಗೆ ಜೋಡಿಸಿ ಆಡುವ ಗೇಮ್‌ಕ್ಯೂಬ್‌ನಲ್ಲಿ ಜೆಲ್ಡಾ ಸರಣಿಯ ವಿಂಡ್ ವೇಕರ್ ಬಂದಾಗ ಮುಂಗಡ ಕಾಯ್ದಿರಿಸಿದವರಿಗೆ ಒಂದು ಡಿಸ್ಕ್ ಕೊಟ್ಟಿದ್ದರು. ಅದರಲ್ಲಿದ್ದದ್ದು 1998ರ ಒಕರಿನಾ ಆಫ್ ಟೈಮ್, ಇಡೀ ಆಟ. ಜೊತೆಗೆ ಅದರದ್ದೇ ಕಷ್ಟದ ಇನ್ನೊಂದು ಆವೃತ್ತಿ. ಹೊಸದು ಕೊಂಡವನ ಕೈಗೆ ಹಳೆಯದನ್ನೂ ಕೊಟ್ಟರು. ಅಂಥ ಬೋನಸ್‌ಗೆ ನಾನು ಸಾಲಿನಲ್ಲಿ ನಿಂತೇನು.

ಈಗ ನಿಮಗೆ ಬಂದ ಹಾರ್ಟ್‌ಗೋಲ್ಡ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಇದರ ನಕಲಿಗಳು ಬೇಕಾದಷ್ಟಿವೆ. ಆದರೆ ಹಿಡಿಯುವುದು ಸುಲಭ. ಪೋಕೆವಾಕರ್ ಜೊತೆ ಮಾತಾಡುವ ಇನ್‌ಫ್ರಾರೆಡ್ ಕಣ್ಣು ಡಿಎಸ್ ಯಂತ್ರದಲ್ಲಿಲ್ಲ, ಆಟದ ಕಾರ್ಡ್‌ನಲ್ಲೇ ಇದೆ. ಆ ಕಿರಣ ದಾಟಬೇಕಲ್ಲ, ಅದಕ್ಕೆ ಅಸಲಿ ಕಾರ್ಡ್‌ನ ಪ್ಲಾಸ್ಟಿಕ್ಕೇ ಬೇರೆ. ನೋಡಲು ಕಪ್ಪು, ಆದರೆ ಟಾರ್ಚ್ ಬೆಳಕಿಗೆ ಹಿಡಿದರೆ ಒಳಗಿನಿಂದ ಸ್ವಲ್ಪ ಬೆಳಕು ಹಾಯುತ್ತದೆ. ಸಾದಾ ಡಿಎಸ್ ಕಾರ್ಡ್‌ನ ಪ್ಲಾಸ್ಟಿಕ್ ಹಾಗಲ್ಲ, ಬೆಳಕನ್ನು ಪೂರ್ತಿ ತಡೆಯುತ್ತದೆ. ಪಕ್ಕದಲ್ಲಿ ಬೇರೆ ಯಾವುದಾದರೂ ಡಿಎಸ್ ಆಟ ಇಟ್ಟು ಹೋಲಿಸಿ ನೋಡಿ. ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಮಾರುವವರ ಎದುರೇ ಮೆನುವಿನಿಂದ ಪೋಕೆವಾಕರ್‌ಗೆ ಜೋಡಿಸಿ ನೋಡಿ. ಆ ಕಣ್ಣಿಲ್ಲದ ಕಾರ್ಡ್ ಅದನ್ನು ಮಾತಾಡಿಸಲಾರದು. ಪೋಕೆವಾಕರ್ ಇಲ್ಲದೆ ಬರೀ ಕಾರ್ಡ್‌ಗೆ ಪೂರ್ತಿ ಬೆಲೆ ಕೇಳಿದರೆ ಒಪ್ಪಬೇಡಿ. ಹೊಸದರಲ್ಲಿ ಅದು ಸೇರಿಯೇ ಇತ್ತು.

ಹಾರ್ಟ್‌ಗೋಲ್ಡ್‌ಗೆ ದೇಶದ ಬೀಗ ಇಲ್ಲ, ದುಬೈಯದ್ದು ಇಲ್ಲೂ ಓಡುತ್ತದೆ. ಡಿಎಸ್ ಆದ ಮೇಲೆ ಬಂದ 3ಡಿಎಸ್ ಯಂತ್ರದಲ್ಲೂ ಓಡುತ್ತದೆ. ಸ್ವಿಚ್ 2ರಲ್ಲಿ ಮಾತ್ರ ಈ ಕಾರ್ಡ್ ಹಾಕಲು ಜಾಗವೇ ಇಲ್ಲ. ಹಾಗಾಗಿ ಹಾರ್ಟ್‌ಗೋಲ್ಡ್ ತಗೊಂಡರೆ ಹಳೆ ಡಿಎಸ್ಸೋ 3ಡಿಎಸ್ಸೋ ಒಂದು ಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ರೀಮೇಕ್ ಅಂದರೇನು ಅಂತ ಒಮ್ಮೆ ಸ್ಪಷ್ಟ ಮಾಡಿಕೊಳ್ಳುವ. ಅಂಗಡಿಯವರು ಎಲ್ಲಕ್ಕೂ ಅದೇ ಹೆಸರು ಹೇಳುತ್ತಾರೆ. ಪಾರ್ತಿಸುಬ್ಬನ ಪ್ರಸಂಗವನ್ನು ಇವತ್ತಿನ ಮೇಳ ಆಡುತ್ತದಲ್ಲ, ಪದ್ಯ ಅದೇ ಇರುತ್ತದೆ, ಭಾಗವತರ ರಾಗ, ಅರ್ಥಧಾರಿಯ ಮಾತು ಹೊಸದು. ಒಳ್ಳೆಯ ರೀಮೇಕ್ ಹಾಗೆ. 1993ರ ಗೇಮ್ ಬಾಯ್ ಆಟ ಲಿಂಕ್ಸ್ ಅವೇಕನಿಂಗ್ 2019ರಲ್ಲಿ ಸ್ವಿಚ್‌ಗೆ ಬಂತು. ದ್ವೀಪದ ನಕ್ಷೆ ಹೆಚ್ಚುಕಡಿಮೆ ಹಾಗೇ ಇದೆ. ಮೊದಲಿನದರಲ್ಲಿ ಕೆಲಸಕ್ಕೆ ಎ, ಬಿ ಎರಡೇ ಬಟನ್. ಕತ್ತಿ, ಗುರಾಣಿ, ಬೂಟು ಅಂತ ಹೆಜ್ಜೆ ಹೆಜ್ಜೆಗೂ ಮೆನುಗೆ ಹೋಗಿ ಬದಲಿಸಬೇಕಿತ್ತು. ರೀಮೇಕ್‌ನಲ್ಲಿ ಅವಕ್ಕೆ ಬೇರೆ ಬೇರೆ ಬಟನ್ ಕೊಟ್ಟರು. ಕತೆ ಮುಟ್ಟಲಿಲ್ಲ, ಕಿರಿಕಿರಿ ಮಾತ್ರ ತೆಗೆದರು. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ 2004ರಲ್ಲಿ ಬಂದ ಮೆಟ್ರಾಯ್ಡ್ ಝೀರೋ ಮಿಷನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ಮುಗಿಸಿದರೆ 1986ರ ಮೂಲ ಮೆಟ್ರಾಯ್ಡ್ ಅದೇ ಕ್ಯಾಸೆಟ್‌ನಲ್ಲಿ ತೆರೆಯುತ್ತದೆ. ರೀಮಾಸ್ಟರ್ ಅಂದರೆ ಅದೇ ಆಟಕ್ಕೆ ಬಣ್ಣ ತಿದ್ದಿ ಚಿತ್ರ ಚೂಪು ಮಾಡುವುದು. ಪೋರ್ಟ್ ಅಂದರೆ ಅದನ್ನೇ ಬೇರೆ ಯಂತ್ರಕ್ಕೆ ಸಾಗಿಸುವುದು. ಎರಡೂ ತಪ್ಪಲ್ಲ, ಆದರೆ ಹೊಸ ಆಟದ ಪೂರ್ತಿ ಬೆಲೆ ಕೊಡುವಾಗ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ಪ್ರೀಆರ್ಡರ್. ಮುಂಚೆ ಇದಕ್ಕೊಂದು ಅರ್ಥ ಇತ್ತು. ಕ್ಯಾಸೆಟ್ ಅಂದರೆ ಚಿಪ್. ಅದನ್ನು ಕಾರ್ಖಾನೆಯಲ್ಲಿ ಮಾಡಿಸಲು ಹೊತ್ತೂ ದುಡ್ಡೂ ಬೇಕು. ಎಷ್ಟು ಮಾಡಿಸಬೇಕು ಎಂದು ಮೊದಲೇ ಅಂದಾಜು ಮಾಡಬೇಕಿತ್ತು. ಅಂದಾಜು ತಪ್ಪಿದರೆ ಅಂಗಡಿಯಲ್ಲಿ ಸ್ಟಾಕ್ ಖಾಲಿ. ಈಗ ದೊಡ್ಡ ಆಟಗಳು ಬಿಡುಗಡೆ ದಿನವೇ ಡೌನ್‌ಲೋಡ್‌ಗೂ ಸಿಗುತ್ತವೆ. ಆಟ ಸಿಗುವುದಿಲ್ಲ ಎಂಬ ಹೆದರಿಕೆ ಕಡಿಮೆಯಾಗಿದೆ. ಸಿಗದೆ ಹೋಗುವುದು ಆ ಸ್ಟೀಲ್‌ಬುಕ್ ಮಾತ್ರ. ನಿಮ್ಮಿಂದ ಅರ್ಧ ದುಡ್ಡು ಮುಂಗಡ ತೆಗೆಸುವುದು ಆ ತಗಡಿನ ಪೆಟ್ಟಿಗೆ ಎಂಬುದು ನೆನಪಿರಲಿ.

ನಾನೂ ಹೀಗೆ ಕೊಟ್ಟವನೇ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಗೆ ಪೂರ್ತಿ ಮುಂಗಡ ಕೊಟ್ಟೆ, ಚಿತ್ರಪುಸ್ತಕ ಇರುವ ಪೆಟ್ಟಿಗೆಗೆ. ಆಟ ಎರಡು ತಿಂಗಳು ತಡವಾಗಿ ಬಂತು, ಪುಸ್ತಕ ಬರಲೇ ಇಲ್ಲ. ಕೇಳಿದರೆ ಬಿಲ್‌ನಲ್ಲಿ ಬರೆದಿಲ್ಲವಲ್ಲ ಅಂದರು. ನಿಜವಾಗಿ ಬರೆದಿರಲಿಲ್ಲ. ಅಂದಿನಿಂದ ನಾನು ಬಿಲ್‌ನಲ್ಲಿ ಪ್ರತಿಯೊಂದು ವಸ್ತುವಿನ ಹೆಸರು, ಕೊಡುವ ತಾರೀಕು, ಕೊಡದಿದ್ದರೆ ದುಡ್ಡು ವಾಪಸ್ ಎಂಬ ಸಾಲು ಬರೆಸದೆ ಒಂದು ರೂಪಾಯಿಯೂ ಕೊಡುವುದಿಲ್ಲ. ನೀವೂ ಬರೆಸಿ. ಬರೆಯಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಬರೆದುಕೊಟ್ಟೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಅದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಪೆಟ್ಟಿಗೆಯೊಳಗೆ ಆಟ ಇದೆಯಾ? ಸ್ವಿಚ್ 2 ಬಂದ ಮೇಲೆ ಗೇಮ್-ಕೀ ಕಾರ್ಡ್ ಅಂತ ಶುರುವಾಗಿದೆ. ನೋಡಲು ಕಾರ್ಡೇ. ಒಳಗೆ ಆಟ ಇಲ್ಲ, ಬರೀ ಬೀಗದ ಕೈ ಇದೆ. ಕಾರ್ಡ್ ಹಾಕಿ ಇಂಟರ್‌ನೆಟ್‌ನಿಂದ ಇಡೀ ಆಟ ಇಳಿಸಿಕೊಳ್ಳಬೇಕು. ಆಮೇಲೂ ಆಡುವಾಗೆಲ್ಲ ಕಾರ್ಡ್ ಒಳಗಿರಬೇಕು. ಪೆಟ್ಟಿಗೆಯ ಮುಂಭಾಗದ ಕೆಳಗಡೆ ಇದನ್ನು ಬರೆದಿರುತ್ತಾರೆ, ಕಣ್ಣಿಟ್ಟು ಓದಿ. ಯಂತ್ರದೊಳಗಿನ ಜಾಗ 256 ಜಿಬಿ, ದೊಡ್ಡ ಆಟಗಳು ಅದನ್ನು ಬೇಗ ತುಂಬಿಸುತ್ತವೆ. ಜಾಗ ಹೆಚ್ಚಿಸಲು ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಫೋನಿಗೆ ಹಾಕುವ ಸಾದಾ ಕಾರ್ಡ್‌ನಲ್ಲಿ ಸ್ವಿಚ್ 2ರ ಆಟ ಇಡಲು ಆಗುವುದಿಲ್ಲ.

ಇದರಲ್ಲೇನು ತೊಂದರೆ ಅನ್ನಬಹುದು. ನಿಮ್ಮದೇ ಆಟದ ಉದಾಹರಣೆ ಕೊಡುತ್ತೇನೆ. ಪೋಕೆಮಾನ್ ಗೋಲ್ಡ್ 2017ರಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮತ್ತೆ ಮಾರಾಟಕ್ಕೆ ಬಂದಿತ್ತು. ಆ ಅಂಗಡಿ 2023ರ ಮಾರ್ಚ್ 27ಕ್ಕೆ ಮುಚ್ಚಿತು. ಇವತ್ತು ಅಲ್ಲಿಂದ ಅದನ್ನು ಯಾರೂ ಕೊಳ್ಳಲಾರರು. ಅದೇ ಆಟ, ಮಾವ ತಂದ ಕ್ಯಾಸೆಟ್, ಇಪ್ಪತ್ತು ಮಳೆಗಾಲ ಕಳೆದು ನಿಮ್ಮ ಅಟ್ಟದಲ್ಲಿದೆ. ನಿಮ್ಮ ಮಗಳು ಮೂವತ್ತೈದರ ಹೊತ್ತಿಗೆ ತನ್ನ ಡಬ್ಬ ಇಳಿಸಿದಾಗ ಅವಳ ಆಟವೂ ಆನ್ ಆಗಬೇಕು ಎಂಬ ಆಸೆ ನನಗಿದೆ. ಅದಕ್ಕೆ ಇಡೀ ಆಟ ಕಾರ್ಡ್‌ನಲ್ಲೇ ಇರುವುದನ್ನು ಹುಡುಕಿ. ಕೀಚೈನ್ ಇಲ್ಲದಿದ್ದರೂ ಪರವಾಗಿಲ್ಲ. ಹಾಗಾಗಿ ಆ ಪ್ರೀಆರ್ಡರ್ ಕೀ ಕಾರ್ಡ್ ಆಗಿದ್ದರೆ ಬೇಡ. ಪೂರ್ತಿ ಕಾರ್ಡ್ ಆಗಿದ್ದು, ಅವರು ಬರೆದುಕೊಟ್ಟರೆ ಧೈರ್ಯವಾಗಿ ಮಾಡಿ.

ತಮ್ಮನಿಗೂ ಎರಡು ಮಾತು ಹೇಳಿಬಿಡಿ. ಜಪಾನಿನಲ್ಲಿ ಮಾರುವ ಅಗ್ಗದ ಸ್ವಿಚ್ 2 ಜಪಾನಿ ಭಾಷೆಗೆ ಮಾತ್ರ ಸೀಮಿತ. ಯಾರಾದರೂ ಅದನ್ನು ಕಡಿಮೆಗೆ ತೋರಿಸಿದರೆ ಬೇಡ. ಆಟದ ಕಾರ್ಡ್‌ಗೆ ದೇಶದ ಬೀಗ ಇಲ್ಲ, ಆದರೆ ಬೋನಸ್ ಅಂತ ಕೊಡುವ ಕೋಡ್ ಚೀಟಿ ಬೇರೆ ದೇಶದ ಖಾತೆಯಲ್ಲಿ ನಡೆಯದೆ ಹೋಗಬಹುದು. ಕೊಳ್ಳುವ ಊರು ಮತ್ತು ಮಗಳ ಖಾತೆಯ ಪ್ರದೇಶ ಎರಡನ್ನೂ ಹೊಂದಿಸಿ ನೋಡಲಿ.

ಸ್ಟೀಲ್‌ಬುಕ್ ಬಂದರೆ ಅದನ್ನು ಇಡುವುದೂ ಒಂದು ಕೆಲಸ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಜುಲೈಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು. ತಗಡಿನ ಅಂಚಿಗೆ ಗೀರು ಬಿದ್ದರೆ ಅಲ್ಲಿಂದ ತುಕ್ಕು ಶುರು. ರಟ್ಟಿನ ಪೆಟ್ಟಿಗೆಗೆ ಚುಕ್ಕಿ ಚುಕ್ಕಿ ಬೂಷ್ಟು. ಮೆತ್ತನೆಯ ಪಿವಿಸಿ ಬೊಂಬೆಗಳು ವರ್ಷ ಕಳೆದಂತೆ ಅಂಟಂಟಾಗುತ್ತವೆ. ಅದು ಕೊಳೆ ಅಲ್ಲ, ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಗೆ ಬರುವುದು. ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಿ. ಉಳಿದದ್ದಕ್ಕೆ ಉಪಾಯ ನಿಮ್ಮ ಅಡುಗೆಮನೆಯಲ್ಲೇ ಇದೆ. ಹಲಸಿನ ಹಪ್ಪಳ ಮಳೆಗಾಲಕ್ಕೆ ಹೇಗೆ ಇಡುತ್ತೀರಿ? ಚೆನ್ನಾಗಿ ಒಣಗಿದ ದಿನ, ಗಾಳಿಯಾಡದ ಡಬ್ಬದಲ್ಲಿ, ಬಿಗಿಯಾಗಿ. ಅದೇ ಥರ ಏಪ್ರಿಲ್‌ನಲ್ಲಿ ತುಂಬಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪ್ರತಿ ವರ್ಷ ಪೊಟ್ಟಣ ಬದಲಿಸಿ. ಅಟ್ಟದಲ್ಲಿ ಮಾತ್ರ ಬೇಡ. ಹಂಚಿನ ಕೆಳಗೆ ಬೇಸಿಗೆಯಲ್ಲಿ ಬೇಯುತ್ತದೆ, ಮಳೆಗಾಲದಲ್ಲಿ ಬೆವರುತ್ತದೆ. ಕೋಣೆಯ ಒಳಗೋಡೆಯ ಕಪಾಟು ಸಾಕು. ಗೇಮ್ ಬಾಯ್ ಇಡುವಾಗ ಪೆನ್ ಸೆಲ್ ತೆಗೆದೇ ಇಡಿ.

ದುಡ್ಡು ಒಂದಕ್ಕೆ ಮಾತ್ರ ಇದ್ದರೆ ಯಾವುದು? ಕಾರ್ಡ್ ಅಸಲಿ, ಪೋಕೆವಾಕರ್ ಜೊತೆಗಿದೆ, ಹಳೆ ಡಿಎಸ್ ಒಂದು ಸಿಕ್ಕೀತು ಅಂತಾದರೆ ನಾನು ಹಾರ್ಟ್‌ಗೋಲ್ಡ್ ಅಂತಲೇ ಹೇಳುತ್ತೇನೆ. ಹತ್ತು ವರ್ಷದ ಹುಡುಗಿ ಅದನ್ನು ಜೇಬಿನಲ್ಲಿಟ್ಟು ಶಾಲೆಯಿಂದ ತೋಟದ ದಾರಿಯಲ್ಲಿ ಮನೆಗೆ ನಡೆದು ಬಂದರೆ ಎಷ್ಟು ವಾಟ್ ಆದೀತು ಅಂತ ಅವಳೇ ಲೆಕ್ಕ ಹಾಕಲಿ. ಪೋಕೆವಾಕರ್‌ಗೆ ಬೇಕಾದ್ದು ಒಂದು ಸಿಆರ್2032 ಸೆಲ್, ಒಂದು ಸಣ್ಣ ಪ್ಲಸ್ ಸ್ಕ್ರೂಡ್ರೈವರ್.

ನಿಮ್ಮ ಗೋಲ್ಡ್‌ಗೆ ಹೊಸ ಸೆಲ್ ಹಾಕಿಸಿ, ಸೇವ್ ವಾಪಸ್ ಬರೆಸಿ ತಂದ ದಿನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಷ್ಟು ವರ್ಷ ಓಡಿದ ಗಡಿಯಾರ ಸೆಲ್ ತೆಗೆದಾಗ ನಿಂತಿರುತ್ತದೆ. ‘ಕಂಟಿನ್ಯೂ’ ಒತ್ತಿದಾಗ, ಹೊತ್ತು ತಪ್ಪಿರಬಹುದು, ಸರಿ ಮಾಡಿ ಅಂತ ಆಟವೇ ಹೇಳುತ್ತದೆ. ಆ ಹೊತ್ತನ್ನು ಅವಳ ಕೈಯಿಂದ ಹಾಕಿಸಿ.